ಅಪ್ಪನ ಕೆಮ್ಮು, ಅತ್ತಿಯ ಖೋ

ನಮ್ಮ ಅಪ್ಪನ ಗಂಟಲಿಗೆ ಯಾವ ತೊಂದರೆಯೂ ಇಲ್ಲ. ಆದರೂ ಮಿಹಾನ್‌ನ ಕಾರ್ಯಾಗಾರದಲ್ಲಿ ಅವರ ಜೊತೆ ವಿಮಾನ ದುರಸ್ತಿ ಮಾಡುವವರು ವರ್ಷಗಳಿಂದ ಅವರಿಗೆ ಜ್ಯೇಷ್ಠಮಧು, ಶುಂಠಿ, ಬಿಸಿನೀರು ಎಂದು ಸಲಹೆ ಕೊಡುತ್ತಲೇ ಇದ್ದಾರೆ. ಯಾರ ಬೆನ್ನ ಹಿಂದೆ ಹೋಗಬೇಕಾದರೂ ಅಪ್ಪ ಮೊದಲು ಒಮ್ಮೆ ಕೆಮ್ಮುತ್ತಾರೆ. ಕಂಪನಿಯ ಕ್ಯಾಬ್ ಹತ್ತುವಾಗ, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವಾಗ, ಮದುವೆ ಊಟದಲ್ಲಿ ತಟ್ಟೆ ಹಿಡಿದು ಮುಂದಿನವರ ಹಿಂದೆ ಸೇರುವಾಗ ಕೂಡ. ಈ ಕೆಮ್ಮು ಅವರಿಗೆ ಅಂಟಿದ್ದು ನನ್ನಿಂದ.

ಕಾರಣವನ್ನು ಒಂದು ಸಲ ಹೇಳಿ ಮುಗಿಸುತ್ತೇನೆ. ನಾನು ಮೂರನೆಯ ತರಗತಿಯಲ್ಲಿದ್ದಾಗ ಅಮ್ಮ ಮತ್ತು ನಾನು ಸ್ಕೂಟರಿನಲ್ಲಿ ಊರ ಹೊರಗಿನ ವಾಡಿಯ ಕಡೆಯಿಂದ ಮನೆಗೆ ಬರುತ್ತಿದ್ದೆವು. ಹಿಂದಿನಿಂದ ಟ್ರಕ್ಕು ಬಂತು. ಅಮ್ಮ ಉಳಿಯಲಿಲ್ಲ. ನಾನು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದೆ. ಕೈ ಬೇಗ ಕೂಡಿಕೊಂಡಿತು. ಆದರೆ ಅಂದಿನಿಂದ ನನ್ನ ಹಿಂದೆ ಏನಿದೆ ಎಂಬುದು ನನಗೆ ಯಾವಾಗಲೂ ಗೊತ್ತಿರಬೇಕಾಯಿತು. ಗೊತ್ತಿಲ್ಲದೆ ಯಾರಾದರೂ ಹಿಂದಿನಿಂದ ಬಂದು ಮುಟ್ಟಿದರೆ ನಾನು ಚೀರುತ್ತಿದ್ದೆ, ಆಮೇಲೆ ಎಷ್ಟೋ ಹೊತ್ತು ಮೈ ನಡುಗುತ್ತಿತ್ತು. ಇದು ನನ್ನ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ.

ಹಾಗಾಗಿ ನಾನು ಗೋಡೆಗಳನ್ನು ಪ್ರೀತಿಸಲು ಕಲಿತೆ. ಶಾಲೆಯಲ್ಲಿ ಕೊನೆಯ ಬೆಂಚು. ದೇವಸ್ಥಾನದಲ್ಲಿ ಕಂಬ. ಓಣಿಯಲ್ಲಿ ನಡೆಯುವಾಗ ಒಂದು ಭುಜ ಕಾಂಪೌಂಡಿಗೆ ಉಜ್ಜುವಷ್ಟು ಹತ್ತಿರ. ನನ್ನ ಎಲ್ಲ ಸಮವಸ್ತ್ರಗಳೂ ಬಲಭುಜದಲ್ಲಿ ಮೊದಲು ಸವೆಯುತ್ತಿದ್ದವು. ಅಮ್ಮ ಹೋದ ವರ್ಷವೇ ಬಾಗಲಕೋಟೆಯಿಂದ ಈ ಮರಾಠಿ ಊರಿಗೆ ಬಂದು ನಮ್ಮ ಮನೆಯನ್ನು ವಹಿಸಿಕೊಂಡ ಅತ್ತಿ, ಅಂದರೆ ಅಪ್ಪನ ಅಕ್ಕ, ನನಗೆ ‘ಗ್ವಾಡಿ ಹಲ್ಲಿ’ ಎಂದು ಹೆಸರಿಟ್ಟಳು. ಬೇರೆ ಯಾರಾದರೂ ಅಂದಿದ್ದರೆ ಅಳುತ್ತಿದ್ದೆನೇನೋ. ಅತ್ತಿ ಅಂದಾಗ ನನಗೊಂದು ಹುದ್ದೆ ಸಿಕ್ಕಂತಾಯಿತು.

ಮನೆಯಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ನನ್ನ ಹಿಂದೆ ಬರುವವರು ಮೊದಲು ತಿಳಿಸಿ ಬರಬೇಕು. ಮಾತು ಕಡಿಮೆಯಾದ ಅಪ್ಪ ಕೆಮ್ಮನ್ನು ಆರಿಸಿಕೊಂಡರು. ಮಾತು ಹೆಚ್ಚಾದ ಅತ್ತಿ “ಹಿಂದ ಬಂದೆ” ಎಂದು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ ಕೂಗುತ್ತಿದ್ದಳು. ಅಡುಗೆಮನೆಯಲ್ಲಿ ನಾನು ಇಲ್ಲದಿರುವಾಗಲೂ ಕೂಗುತ್ತಿದ್ದಳು. ಅಪ್ಪ ನನ್ನ ಓದುವ ಮೇಜಿಗೆ ಒಂದು ದುಂಡು ಕನ್ನಡಿಯನ್ನು ಅಳವಡಿಸಿದರು. ವಿಮಾನಕ್ಕೆ ಹಾಕುವಷ್ಟು ಗಟ್ಟಿಯಾದ ಬೋಲ್ಟು, ಯಾವ ಕೋನಕ್ಕೆ ಬೇಕಾದರೂ ತಿರುಗುವ ಹಿಡಿಕೆ. ನಾನು ಅದರಲ್ಲಿ ಬಾಗಿಲನ್ನು ನೋಡುತ್ತಿದ್ದೆ. ಅತ್ತಿ ಅದರಲ್ಲಿ ತನ್ನ ಗದ್ದದ ಕೂದಲನ್ನು ಕೀಳುತ್ತಿದ್ದಳು.

ಹೀಗೆ ನಾವು ಮೂವರೂ ಚೆನ್ನಾಗಿಯೇ ಇದ್ದೆವು, ಮನೆಯೊಳಗೆ. ತೊಂದರೆ ಇದ್ದದ್ದು ಹೊರಗೆ. ಪ್ರತಾಪ ನಗರದ ನನ್ನ ಶಾಲೆ ಎರಡು ಓಣಿಗಳ ಆಚೆ, ಪೂರ್ತಿ ದಾರಿಗೂ ಕಾಂಪೌಂಡು ಇತ್ತು. ಆದರೆ ಆ ಶಾಲೆ ಹತ್ತನೆಯ ತರಗತಿಗೆ ಮುಗಿಯುತ್ತಿತ್ತು. ಮುಂದಿನ ಕಾಲೇಜು ಎಂದರೆ ಊರ ನಡುವಿನ ಸೀತಾಬರ್ಡಿಯ ಕಡೆ, ಸಿಟಿ ಬಸ್ಸು, ಹಿಂದೆ ನೂಕುವ ಜನ. ಅಪ್ಪ ಸದ್ದಿಲ್ಲದೆ ವಿಚಾರಿಸಿಕೊಂಡು ಬಂದಿದ್ದರು: ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಹನ್ನೆರಡನೆಯ ಪರೀಕ್ಷೆಯನ್ನು ಬಾಹ್ಯವಾಗಿ ಬರೆಯಬಹುದಂತೆ. ಊಟದ ಹೊತ್ತಿಗೆ ಇದನ್ನು ಹೇಳಿದಾಗ ನನಗೆ ನಿಜವಾಗಿ ಸಮಾಧಾನವೇ ಆಯಿತು. ಅತ್ತಿ ಮಾತ್ರ ಸೌಟನ್ನು ಕೆಳಗಿಟ್ಟಳು.

“ತಮ್ಮಾ, ಹುಡುಗೀನ ಗ್ವಾಡಿಗೆ ತೂಗುಹಾಕಿದ ಕ್ಯಾಲೆಂಡರ್ ಮಾಡಬ್ಯಾಡ,” ಎಂದಳು.

ಧಂತೋಲಿಯಲ್ಲಿ ನಾನು ಆಗಾಗ ಹೋಗಿ ಮಾತಾಡುತ್ತಿದ್ದ ಡಾಕ್ಟರ್ ಒಬ್ಬರಿದ್ದರು. ಮನಸ್ಸಿನ ಡಾಕ್ಟರ್. ಅವರಿಗೆ ಅತ್ತಿ ದೂರು ಒಯ್ದಳು. ಅವರು ಹೇಳಿದ್ದರ ಸಾರ ಇಷ್ಟು: ಟ್ರಕ್ಕು ಹೋಗಿ ಎಷ್ಟೋ ಕಾಲವಾಯಿತು ಎಂದು ಈಕೆಗೆ ಗೊತ್ತು, ಆದರೆ ಈಕೆಯ ಮೈಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ. ಮಾತು ನಾವು ಮುಂದುವರಿಸೋಣ, ಜೊತೆಗೆ ಮೈ ದಣಿಯುವಂಥದ್ದು ಏನಾದರೂ ಮಾಡಲಿ, ಆದಷ್ಟು ನಾಲ್ಕು ಜನರ ನಡುವೆ.

ಅಪ್ಪ ‘ಮೈ ದಣಿಯುವಂಥದ್ದು’ ಎಂಬುದನ್ನು ಮಾತ್ರ ಕೇಳಿಸಿಕೊಂಡು ಮರುವಾರವೇ ವ್ಯಾಯಾಮದ ಸೈಕಲ್ ತಂದರು. ಅದನ್ನು ಗೋಡೆಗೆ ಒರಗಿಸಿಟ್ಟು, ಬೆನ್ನು ಗೋಡೆಗೆ ಕೊಟ್ಟು, ನಾನು ಎಲ್ಲಿಗೂ ಹೋಗದೆ ತುಳಿದೆ. ಮಳೆಗಾಲ ಬಂದಾಗ ಅದರ ಮೇಲೆ ಅತ್ತಿಯ ಸೀರೆಗಳು ಒಣಗತೊಡಗಿದವು, ಅವು ಇಳಿಯಲೇ ಇಲ್ಲ. ಆಮೇಲೆ ಯೋಗದ ಕ್ಲಾಸು. ಅಲ್ಲಿನ ಗುರುಗಳು ಮೃದು ಸ್ವಭಾವದವರು, ಬರಿಗಾಲಿನವರು. ಸದ್ದೇ ಇಲ್ಲದೆ ಹಿಂದಿನಿಂದ ಬಂದು ನನ್ನ ಬೆನ್ನನ್ನು ನೆಟ್ಟಗೆ ಮಾಡಲು ಎರಡು ಬೆರಳು ತಾಗಿಸಿದರು. ನನ್ನ ಚಪ್ಪಲಿಗಳನ್ನು ಅತ್ತಿ ಮರುದಿನ ಹೋಗಿ ತಂದಳು. ಇಡೀ ಕ್ಲಾಸು ಶವಾಸನದಿಂದ ಎದ್ದು ಕೂತಿತ್ತಂತೆ.

ಅದಾದ ಮೇಲೆ ಅತ್ತಿ ತನಗೇ ತೂಕ ಇಳಿಸಬೇಕಾಗಿದೆ ಎಂದು ಘೋಷಿಸಿದಳು. ನಮ್ಮ ಬಡಾವಣೆಯ ಮೈದಾನದಲ್ಲಿ ಸಂಜೆ ಹುಡುಗಿಯರು ಖೋಖೋ ಆಡುತ್ತಿದ್ದರು. ಬಾಗಲಕೋಟೆಯ ಹೈಸ್ಕೂಲಿನಲ್ಲಿ ತಾನು ಹೇಗೆ ಆಡುತ್ತಿದ್ದೆ ಎಂಬ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೆವೆಂದರೆ ಅಪ್ಪ ಅದನ್ನು ನಿದ್ದೆಯಲ್ಲೂ ಹೇಳಬಲ್ಲರು. ತನ್ನ ಚುರುಮುರಿ ಡಬ್ಬಿ ಹಿಡಿದುಕೊಂಡು ಕೂರಲು ಒಬ್ಬರು ಬೇಕು ಎಂದು ನನ್ನನ್ನು ಎಳೆದುಕೊಂಡು ಹೋದಳು. ನಾನು ಮೈದಾನದ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತೆ. ಚೂಡಿದಾರ ತೊಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದ ಅತ್ತಿ ಮೊದಲ ಸುತ್ತಿನಲ್ಲೇ ಕಂಬವನ್ನು ತಬ್ಬಿಕೊಂಡು ನಿಂತಳು. ಹುಡುಗಿಯರಿಗೆ ಅವಳು ತಕ್ಷಣ ಇಷ್ಟವಾದಳು. ಅವರೆಲ್ಲ ಅವಳನ್ನು ಮರಾಠಿಯಲ್ಲಿ ‘ಆತ್ಯಾ’ ಎಂದು ಕರೆದರು, ಡಬ್ಬಿಯನ್ನು ಖಾಲಿ ಮಾಡಿದರು.

ಒಂದು ಸಂಜೆ ಒಬ್ಬ ಹುಡುಗಿ ಬಂದಿರಲಿಲ್ಲ. ತರಬೇತಿ ಕೊಡುತ್ತಿದ್ದ ಮ್ಯಾಡಮ್ ಗೋಡೆಯ ಕಡೆ ನೋಡಿ, ಸುಮ್ಮನೆ ಓಡುವುದಕ್ಕೆ ಬಾ ಎಂದರು. ಓಡುವವರು ಅಟ್ಟುವವರ ಕೈಗೆ ಸಿಗದೆ ಸಾಲಿನ ನಡುವೆ ತಪ್ಪಿಸಿಕೊಳ್ಳಬೇಕು, ಅಷ್ಟೇ. ನಾನು ಹೋದದ್ದು ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಅತ್ತಿ ಅಷ್ಟು ಹೊತ್ತಿಗೆ ಕಂಬದ ಬಳಿ ಏದುಸಿರು ಬಿಡುತ್ತಾ ನನ್ನನ್ನು ನೋಡದವಳಂತೆ ನಟಿಸುತ್ತಿದ್ದಳು. ಅವಳ ನಟನೆ ಅಷ್ಟು ಕೆಟ್ಟದಾಗಿತ್ತು, ನನಗೆ ಪಾಪ ಎನಿಸಿರಬೇಕು.

ಅವತ್ತು ನನ್ನನ್ನು ಯಾರಿಗೂ ಮುಟ್ಟಲಾಗಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಹುಡುಗಿಯರು ದಿನಕ್ಕೊಂದು ತಾಸು ತಪ್ಪಿಸಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದರು. ನಾನು ಮೂರನೆಯ ತರಗತಿಯಿಂದ, ಭಾನುವಾರವೂ ರಜೆಯಿಲ್ಲದೆ, ಅದನ್ನೇ ಮಾಡಿಕೊಂಡು ಬಂದಿದ್ದೆ. ಎಡಗಡೆ ಯಾರ ಕಾಲಿನ ಸದ್ದು, ಬಲಗಡೆ ಯಾರ ನೆರಳು ಎಂದು ಬೇರೆಯವರು ಯೋಚಿಸುವ ಹೊತ್ತಿಗೆ ನನ್ನ ಮೈ ತಿರುಗಿ ಆಗಿರುತ್ತಿತ್ತು. ಮ್ಯಾಡಮ್ ಸೀಟಿಯನ್ನು ಬಾಯಿಂದ ತೆಗೆದು, ಇವಳನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಅತ್ತಿಯನ್ನು ಕೇಳಿದರು. ಗೋಡೆಯ ಮೇಲೆ, ಎಂದಳು ಅತ್ತಿ.

ಮನೆಗೆ ಬಂದು ನಾನು ಊಟ ಮಾಡಿ, ದೀಪ ಆರಿಸುವ ಮೊದಲೇ ಮಲಗಿಬಿಟ್ಟೆನಂತೆ. ಮೈ ದಣಿದಾಗ ನಿದ್ದೆ ಎಂಬುದು ಕೇಳದೆಯೇ ಬರುತ್ತದೆ ಎಂದು ನನಗೆ ಮರೆತೇ ಹೋಗಿತ್ತು. ಅಪ್ಪ ಬಾಗಿಲಲ್ಲಿ ನಿಂತು, ಕೆಮ್ಮಬೇಕೋ ಬೇಡವೋ ತಿಳಿಯದೆ, ಹಾಗೆಯೇ ಹೋದರಂತೆ.

ಆದರೆ ಖೋಖೋದಲ್ಲಿ ಬರೀ ಓಡಿ ಬದುಕಲು ಆಗುವುದಿಲ್ಲ. ಒಂದು ಸರದಿ ಓಡಿದವರು ಇನ್ನೊಂದು ಸರದಿ ಸಾಲಿನಲ್ಲಿ ಕೂರಬೇಕು. ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಅಟ್ಟುವವಳು ನಮ್ಮ ಹಿಂದಿನಿಂದ ಬರುತ್ತಾಳೆ, ಬೆನ್ನು ಮುಟ್ಟುತ್ತಾಳೆ, “ಖೋ” ಎನ್ನುತ್ತಾಳೆ. ಆಗ ಎದ್ದು ಓಡಬೇಕು. ಹಿಂದೆ ತಿರುಗಿ ನೋಡುವಂತಿಲ್ಲ, ಮೊದಲೇ ಏಳುವಂತಿಲ್ಲ. ಮುಟ್ಟುವ ಮೊದಲೇ ಖೋ ಎಂದರೆ ಅದೂ ಫೌಲ್. ನನ್ನ ಅಂಜಿಕೆಯನ್ನು ಎದುರಿಗಿಟ್ಟುಕೊಂಡು ಯಾರಾದರೂ ಒಂದು ಆಟ ಕಟ್ಟಿದ್ದರೆ ಅದು ಹೀಗೆಯೇ ಇರುತ್ತಿತ್ತು.

ಮೊದಲ ದಿನ ಕೂತೆ. ತಂಡದ ನಾಯಕಿ, ನನಗಿಂತ ಒಂದು ವರ್ಷ ದೊಡ್ಡವಳು, ಬಂದು ಬೆನ್ನು ಮುಟ್ಟಿದಳು. ನಾನು ಚೀರಿಕೊಂಡು ಎದ್ದು, ಗೆರೆ, ಕಂಬ, ಮೈದಾನ ಎಲ್ಲವನ್ನೂ ದಾಟಿ ಗೇಟಿನ ಬಳಿಯ ಬೇವಿನ ಮರಕ್ಕೆ ಬೆನ್ನು ಹಚ್ಚಿ ನಿಂತೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಆ ವಾರ ನನಗೆ ಜ್ವರ ಬಂತು, ನಾಲ್ಕಾರು ದಿನ ಮೈದಾನಕ್ಕೆ ಹೋಗಲಿಲ್ಲ. ಅತ್ತಿ ಮಾತ್ರ ತಪ್ಪದೆ ಹೋದಳು, ಡಬ್ಬಿ ಸಮೇತ.

ಜ್ವರ ಬಿಟ್ಟ ಮೇಲೆ ಮತ್ತೆ ಹೋಗಿ ಕೂತಾಗ ಏನೋ ಬದಲಾಗಿತ್ತು. ನನ್ನ ಹಿಂದೆ ಬರುವ ಪ್ರತಿ ಹುಡುಗಿಯೂ ಮುಟ್ಟುವ ಮೊದಲು ಉಸಿರಿನಲ್ಲೇ “ಆಲೇ” ಎನ್ನುತ್ತಿದ್ದಳು. ಬಂದೆ, ಎಂದು ಮರಾಠಿಯಲ್ಲಿ. ಅಟ್ಟುವವರು ಹೀಗೆ ಏನಾದರೂ ಗೊಣಗುವುದು ಸಹಜವಿರಬಹುದು ಎಂದು ನಾನು ತಿಳಿದೆ. ಕೈ ಬೆನ್ನಿಗೆ ತಾಗಿತು. ನಾನು ಚೀರಲಿಲ್ಲ. ಎದ್ದೆ, ಓಡಿದೆ. ಮುಂದಿನ ವಾರ ಧಂತೋಲಿಗೆ ಹೋಗಿ, ನನ್ನ ಸ್ವಭಾವಕ್ಕೆ ಸಲ್ಲದಷ್ಟು ಹೆಮ್ಮೆಯಿಂದ, ನಾನು ಸುಧಾರಿಸಿದ್ದೇನೆ ಎಂದು ಡಾಕ್ಟರಿಗೆ ವರದಿ ಮಾಡಿದೆ. ಕಾಲೇಜಿನ ಬಗ್ಗೆಯೂ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಮೈದಾನದಲ್ಲಿ ಆಗುವುದಾದರೆ ಬಸ್ಸಿನಲ್ಲೂ ಆಗಬಹುದು.

ಚಳಿಗಾಲದಲ್ಲಿ ಬೇರೆ ಬಡಾವಣೆಯ ತಂಡವೊಂದು ನಮ್ಮ ಮೈದಾನಕ್ಕೆ ಆಡಲು ಬಂತು. ಅವರಲ್ಲಿ ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ ಇದ್ದಳು, ಕೈಗೆ ಸಿಗದ ಸೊಳ್ಳೆಯಂತೆ. ಮೊದಲ ಸರದಿಯಲ್ಲಿ ನಾವು ಅಟ್ಟುತ್ತಿದ್ದೆವು. ಸ್ವಲ್ಪ ಹೊತ್ತಿಗೇ ನಾನು ಗಮನಿಸಿದೆ: ನನಗೆ ಖೋ ಸಿಗುವ ಮುಂಚೆಯೇ ಅವಳು ದಿಕ್ಕು ಬದಲಿಸಿ ದೂರ ಹೋಗಿರುತ್ತಿದ್ದಳು. ಬೇರೆ ಯಾರಿಗೆ ಖೋ ಕೊಟ್ಟಾಗಲೂ ಹೀಗಾಗುತ್ತಿರಲಿಲ್ಲ. ನಾಲ್ಕನೆಯದೋ ಐದನೆಯದೋ ಸಲ ಅವಳು ನನ್ನ ಮುಂದಿನಿಂದಲೇ ಜಾರುತ್ತಾ, ಜಡೆ ಹಾರಿಸುತ್ತಾ, ರಾಗವಾಗಿ “ಆಲೇ, ಆಲೇ” ಎಂದು ಅಣಕಿಸಿದಳು. ಅವರ ತಂಡವೆಲ್ಲ ನಕ್ಕಿತು. ನಮ್ಮವರು ನೆಲ ನೋಡಿದರು.

ಆಗ ನನಗೆ ತಿಳಿಯಿತು. ಅದು ಗೊಣಗಾಟವಾಗಿರಲಿಲ್ಲ. ಅದು ನಮ್ಮ ಮನೆಯ ‘ಹಿಂದ ಬಂದೆ’. ಯಾರೋ ಅದನ್ನು ಮರಾಠಿಗೆ ತಿರುಗಿಸಿ ಈ ಮೈದಾನಕ್ಕೆ ತಂದಿದ್ದರು. ಯಾರು ಎಂದು ಊಹಿಸಲು ಕಷ್ಟವೇನಿರಲಿಲ್ಲ. ಇಡೀ ತಂಡ ನನ್ನೊಬ್ಬಳಿಗಾಗಿ ಕೆಮ್ಮುತ್ತಿತ್ತು, ಅದರಿಂದ ಸೋಲುತ್ತಿತ್ತು.

ಸರದಿ ಮುಗಿದ ಮೇಲೆ ಬೇವಿನ ಮರದ ಕೆಳಗೆ ಅತ್ತಿ ಡಬ್ಬಿ ತೆರೆಯುತ್ತಿದ್ದಳು. ನಾನು ಎದುರಿಗೆ ಹೋಗಿ ನಿಂತೆ.

“ಅತ್ತೀ, ಇವ್ರಿಗೆ ‘ಆಲೇ’ ಅನ್ನಲಿಕ್ಕೆ ಕಲಿಸಿದಾಕಿ ನೀನ ಹೌದಿಲ್ಲ?”

“ನಾ ಒಂದ್ ಮಾತ್ ಹೇಳಿದೆ. ಚಲೋ ಹುಡುಗ್ಯಾರು, ಕೇಳಿದ್ರು,” ಎಂದಳು ಅತ್ತಿ, ಚುರುಮುರಿಯಲ್ಲಿ ಶೇಂಗಾ ಹುಡುಕುತ್ತಾ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಬಿಟ್ಟು ಬರ್ತಿದ್ದಿ.”

ಅದು ನಿಜವಾಗಿದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಡಾಕ್ಟರ್ ಮುಂದೆ ಸುಧಾರಿಸಿದ್ದೇನೆ ಎಂದು ಹೇಳಿ ಬಂದೆ, ಎಲ್ಲ ಸುಳ್ಳಾಯಿತು ಎಂದೆ. ಅತ್ತಿ ಡಬ್ಬಿಯ ಮುಚ್ಚಳ ಹಾಕಿದಳು.

“ಯಾಕ ಸುಳ್ಳು? ಅವ್ರು ಆಲೇ ಅಂದ್ರು, ಖರೆ ಐತಿ. ಆದ್ರ ಬೆನ್ನ ತಿರುಗಿಸಿ ಕೂತಾಕಿ ಯಾರು? ನಾ ಕೂತಿದ್ನೇನು? ನನ್ನ ಮೊಳಕಾಲ ಕೇಳು, ಅವು ಹೇಳ್ತಾವ.” ಆಮೇಲೆ ಸ್ವಲ್ಪ ಮೆತ್ತಗೆ, “ಸಾಕು ಅಂದ್ರ ಸಾಕು ಅಂತ ಹೇಳಿ ಬಾ ಹೋಗು. ನಾ ಹೇಳಿ ಕೊಟ್ಟೆ, ನೀ ಹೇಳಿ ಬಿಡಸು.”

ನಾನು ನಾಯಕಿಯ ಹತ್ತಿರ ಹೋಗಿ, ಮತ್ತೆ ನಾವು ಅಟ್ಟುವಾಗ ಏನೂ ಹೇಳಬೇಡಿ ಎಂದೆ. ನೀನು ಚೀರಿದರೆ, ಎಂದು ಕೇಳಿದಳು. ಚೀರಿದರೆ ಚೀರುತ್ತೇನೆ ಎಂದೆ. ಅವಳು ಸ್ವಲ್ಪ ಯೋಚಿಸಿ, ಹೋಗಲಿ ಬಿಡು, ಅವರ ಹುಡುಗಿಯರೂ ಹೆದರಬಹುದು, ನಮಗೆ ಅದೂ ಲಾಭವೇ ಎಂದಳು. ತಂಡದ ನಾಯಕಿ ಆಗುವವರು ಹೀಗೆ ಯೋಚಿಸಬೇಕು.

ನಡುವೆ ಅವರ ಅಟ್ಟುವ ಸರದಿ ಮುಗಿಯಿತು. ಕೂತೆ. ಎದುರಿಗೆ ಮೈದಾನ, ಗೇಟು, ಬೇವಿನ ಮರ. ಹಿಂದೆ ಕಾಲುಗಳ ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಯಾರದೆಂದು ಗೊತ್ತಾಗುತ್ತಿರಲಿಲ್ಲ. ಕುತ್ತಿಗೆಯಿಂದ ಸೊಂಟದವರೆಗೆ ನನ್ನ ಇಡೀ ಬೆನ್ನು ಕಿವಿಯಾಗಿತ್ತು. ತಿರುಗಬೇಕು ಎಂದು ಕುತ್ತಿಗೆ ಬೇಡುತ್ತಿತ್ತು. ಬೆರಳುಗಳನ್ನು ಮಣ್ಣಿಗೆ ಒತ್ತಿ ಹಿಡಿದೆ. ಅಷ್ಟರಲ್ಲಿ ಕೈ ಬಿತ್ತು.

ಚೀರಿದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಚೀರಿದೆ. ಮೈ ಎಂದಿನಂತೆ ಸಿಡಿದು ಎದ್ದಿತು. ಆದರೆ ಈ ಆಟದಲ್ಲಿ ಬೇಕಾದದ್ದೂ ಅದೇ. ಖೋ ಎಂಬ ಶಬ್ದ ಮುಗಿಯುವ ಹೊತ್ತಿಗೆ ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ದುರದೃಷ್ಟವಶಾತ್ ಅದು ತಪ್ಪು ದಿಕ್ಕಾಗಿತ್ತು. ಸೀಟಿ ಕೇಳಿಸಿತು, ಫೌಲ್. ಮ್ಯಾಡಮ್ ಮಾತ್ರ ಕೂತಲ್ಲಿಂದಲೇ, ಏಳುವುದು ಅಂದರೆ ಹೀಗೆ, ಇನ್ನು ಎತ್ತ ಹೋಗಬೇಕು ಎನ್ನುವುದೊಂದನ್ನು ಕಲಿತರೆ ಸಾಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಎರಡನೆಯ ಸಲವೂ ಚೀರಿದೆ. ಮೂರನೆಯ ಸಲ ಬರೀ ಉಸಿರು ಸಿಕ್ಕಿಕೊಂಡಿತು. ಆಗ ಎರಡು ಜಡೆಯ ಹುಡುಗಿ, ‘ಆಲೇ’ಗಾಗಿ ಕಿವಿ ಕೊಟ್ಟು, ಅದು ಬರಲಿಲ್ಲವಾದ್ದರಿಂದ ನಿರಾಳವಾಗಿ, ನನಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಹಿಂದಿನಿಂದ ಹೋಗಿ ಅವಳ ಬೆನ್ನು ಮುಟ್ಟಿದೆ. ಅವಳು ಬೆಚ್ಚಿಬಿದ್ದು ತಿರುಗಿದಳು. ಎದೆಯ ಮೇಲೆ ಕೈ ಇಟ್ಟುಕೊಂಡು, ಬಹಳ ನೊಂದ ದನಿಯಲ್ಲಿ, “ಆಲೇ ತರೀ ಮ್ಹಣಾಯಚಂ,” ಎಂದಳು. ಆಲೇ ಅಂತಾದರೂ ಹೇಳಬಾರದಿತ್ತೇ, ಎಂದು. ನಾನು ನಗುತ್ತಿದ್ದೆ. ನನ್ನ ಹಿಂದೆ ಯಾರಿದ್ದಾರೆ ಎಂದು ಆ ಕ್ಷಣದಲ್ಲಿ ನನಗೆ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎನ್ನುವುದೂ ಆಮೇಲೆ ಹೊಳೆಯಿತು.

ಪಂದ್ಯವನ್ನು ನಾವು ಸೋತೆವು. ಮೊದಲ ಸರದಿಯ ನಷ್ಟ ದೊಡ್ಡದಿತ್ತು.

ಆಟವೇ ನನ್ನನ್ನು ಸರಿಮಾಡಿತು ಎಂದು ಬರೆದರೆ ಧಂತೋಲಿಯ ಡಾಕ್ಟರಿಗೆ ಅನ್ಯಾಯವಾದೀತು. ಅವರ ಎದುರಿನ ಕುರ್ಚಿಯಲ್ಲಿ ಕೂತು ನಾನು ಮುಂದೆಯೂ ಬಹಳ ಮಾತಾಡಿದೆ. ಹೋಟೆಲಿನಲ್ಲಿ ಗೋಡೆ ಕಡೆಯ ಕುರ್ಚಿ ಸಿಕ್ಕರೆ ಇವತ್ತಿಗೂ ಅದನ್ನೇ ಹಿಡಿಯುತ್ತೇನೆ. ಆದರೆ ಬೆಚ್ಚುವುದಕ್ಕೂ ಮುರಿದು ಬೀಳುವುದಕ್ಕೂ ನಡುವೆ ಸ್ವಲ್ಪ ಜಾಗವಿದೆ, ಅಲ್ಲಿ ಎದ್ದು ಓಡಬಹುದು ಎಂದು ನನ್ನ ಮೈ ಕಲಿತದ್ದು ಆ ಮಣ್ಣಿನಲ್ಲಿ.

ಪಂದ್ಯದ ದಿನ ರಾತ್ರಿಯ ಊಟದಲ್ಲಿ ಅಪ್ಪನಿಗೆ ಹೇಳಿದೆ. “ಅಪ್ಪಾ, ಇನ್ನ ಮ್ಯಾಲೆ ಕೆಮ್ಮಬ್ಯಾಡ್ರಿ. ಕಾಲೇಜಿನ್ಯಾಗ ಯಾರೂ ಕೆಮ್ಮಂಗಿಲ್ಲ.”

ಅಪ್ಪ ಅತ್ತಿಯ ಕಡೆ ನೋಡಿದರು. ಅತ್ತಿ ಮಜ್ಜಿಗೆಯ ಕಡೆ ನೋಡಿದಳು. ಪ್ರಯತ್ನ ಮಾಡುತ್ತೇನೆ ಎಂದರು ಅಪ್ಪ. ನೀರು ತರಲು ಎದ್ದು ನನ್ನ ಕುರ್ಚಿಯ ಹಿಂದಿನಿಂದ ಹೋಗುವಾಗ ಕೆಮ್ಮಿದರು.

ನನಗಿಂತ ಅವರಿಬ್ಬರಿಗೇ ಬಿಡುವುದು ಕಷ್ಟವಾಯಿತು. ಅತ್ತಿ ‘ಹಿಂದ ಬಂದೆ’ಯನ್ನು ಅರ್ಧಕ್ಕೆ ನಿಲ್ಲಿಸಿ ‘ಹಿಂದ’ ಎಂದಷ್ಟೇ ಹೇಳುತ್ತಿದ್ದಳು, ಅದು ಇನ್ನೂ ಗಾಬರಿ ಹುಟ್ಟಿಸುತ್ತಿತ್ತು. ಅಪ್ಪ ಕೆಮ್ಮನ್ನು ತಡೆಯಲು ಹೋಗಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಮೇಜಿನ ಕನ್ನಡಿಯನ್ನು ಬಿಚ್ಚಿ ಅತ್ತಿಯ ಕೋಣೆಗೆ ಹಾಕಿಕೊಟ್ಟರು. ಅದರ ನಿಜವಾದ ಒಡತಿ ಅವಳೇ ಆಗಿದ್ದಳು.

ಕಾಲೇಜು ಶುರುವಾದ ಬೆಳಿಗ್ಗೆ ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ದೂರ ನಿಲ್ಲಬೇಕು ಎಂದು ನಾನು ಹೇಳಿದ್ದೆ. ನಿಂತಿದ್ದರು ಕೂಡ, ಕಹಿ ಗುಳಿಗೆ ನುಂಗಿದವರಂತೆ ಮುಖ ಮಾಡಿಕೊಂಡು. ಬಸ್ಸು ತುಂಬಿ ಬಂತು. ಜನ ನುಗ್ಗಿದರು. ನಾನು ಸರಳನ್ನು ಹಿಡಿದು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟೆ, ಅಲ್ಲಿಯೇ ನಿಂತುಬಿಟ್ಟೆ. ಹಿಂದೆ ಎಷ್ಟು ಜನರಿದ್ದಾರೆ, ಯಾರ ಚೀಲ, ಯಾರ ಮೊಣಕೈ, ಒಂದೂ ತಿಳಿಯಲಿಲ್ಲ. ಕಂಡಕ್ಟರ್ ಮರಾಠಿಯಲ್ಲಿ ಏನೋ ಅವಸರಪಡಿಸುತ್ತಿದ್ದ. ಇಳಿದುಬಿಡಬಹುದಿತ್ತು. ಮನೆಗೆ ಹೋಗುವ ಪೂರ್ತಿ ದಾರಿಗೂ ಕಾಂಪೌಂಡು ಇತ್ತು.

ಬೆನ್ನಿನ ಮೇಲೆ ಒಂದು ಕೈ ಬಿತ್ತು, ಯಾವ ಮುನ್ಸೂಚನೆಯೂ ಇಲ್ಲದೆ. ಉಸಿರು ಸಿಕ್ಕಿಕೊಂಡಿತು. ಕಾಲು ತಾನಾಗಿ ಎದ್ದಿತು. ನಾನು ಒಳಗಿದ್ದೆ.

ಕಿಟಕಿಯಿಂದ ನೋಡಿದೆ. ಅಪ್ಪ ಕೆಳಗೆ ನಿಂತಿದ್ದರು, ಕೈ ಇನ್ನೂ ಅರ್ಧ ಮೇಲಿತ್ತು. ತಾವೇನು ಮಾಡಿದೆವೆಂದು ಅವರಿಗೂ ಆಗಷ್ಟೇ ಅರಿವಾದಂತಿತ್ತು. ಹಿಂದಿನಿಂದ ಓಡಿ ಬಂದ ಅತ್ತಿ ಅವರ ತೋಳು ಜಗ್ಗಿ ಏನೋ ಬಯ್ಯುತ್ತಿದ್ದಳು. ಬಸ್ಸು ಹೊರಟಿತು. ಆಗ ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದರು.

ಮೊದಲು ಮುಟ್ಟುವುದು, ಆಮೇಲೆ ಸದ್ದು. ಖೋಖೋ ನಿಯಮದ ಪ್ರಕಾರ ಅದು ಬರೋಬರ್ ಇತ್ತು.